ಇರುವೆ ಬರುವ ತನಕ

ಹುಕ್ಕೇರಿ ಬಸ್ ನಿಲ್ದಾಣದ ಎದುರು ಗಡಿಯಾರ ರಿಪೇರಿ ಮಾಡುತ್ತಿದ್ದ ಕಾಕಾ ಒಂದು ಕರಿ ಚೇಳನ್ನು ಸಾಕಿದ್ದರು. ಹಳೆಯ ಗೋಡೆ ಗಡಿಯಾರದ ಗಾಜಿನ ಪೆಟ್ಟಿಗೆಯೇ ಅದರ ಮನೆ. ಗಿರಾಕಿ ಅವಸರಪಡಿಸಿದರೆ ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನು ಹಣೆಗೇರಿಸಿ, “ಗಡಿಬಿಡಿ ಮಾಡಬ್ಯಾಡ್ರಿ” ಎನ್ನುತ್ತಿದ್ದರು. “ಕಡಿತೈತೇನ್ರಿ?” ಎಂದು ಕೇಳಿದವರ ಗಡಿಯಾರ ಒಂದು ದಿನ ತಡವಾಗಿಯೇ ಸಿಗುತ್ತಿತ್ತು.

ಏಳೆಂಟು ವರ್ಷಗಳಲ್ಲಿ ಚೇಳಿಗೂ ಮುಪ್ಪು ಬಂತು. ಎದುರಿಗೆ ಬಿಟ್ಟ ಜಿರಲೆ ಬೆನ್ನ ಮೇಲೆ ಹತ್ತಿ ಹೋದರೂ ಅದು ಕೊಂಡಿ ಎತ್ತುತ್ತಿರಲಿಲ್ಲ. ಕಾಕಾ ಜಿರಲೆಯನ್ನು ಚಿಮುಟದಿಂದ ಹಿಸುಕಿ ಅದರ ಬಾಯಿಗೇ ಹಿಡಿಯತೊಡಗಿದರು.

ಒಂದು ದಿನ ನನ್ನ ಕೈಗಡಿಯಾರ ಒಯ್ದಾಗ ಚೇಳು ಮಿಸುಕದೆ ಬಿದ್ದಿತ್ತು.

“ಸತ್ತೈತೇನ್ರಿ ಕಾಕಾ?”

“ಗಡಿಬಿಡಿ ಮಾಡಬ್ಯಾಡ್ರಿ. ಸಣ್ಣದಿದ್ದಾಗ ಹಿಂಗ ಬಿದ್ದು, ಪೊರಿ ಬಿಟ್ಟು ಎದ್ದಿತ್ತು.”

“ಮುದಿ ಚೇಳೂ ಪೊರಿ ಬಿಡತೈತೇನ್ರಿ?”

ಅವರು ಭೂತಗನ್ನಡಿಯನ್ನು ಕಣ್ಣಿಗಿಳಿಸಿ ನನ್ನ ಗಡಿಯಾರದ ಹಿಂದಿನ ಮುಚ್ಚಳ ಬಿಚ್ಚತೊಡಗಿದರು.

“ಮತ್ತ ಸತ್ತದ್ದು ಹೆಂಗ ಗೊತ್ತಾಗತೈತಿ?” ನನಗೆ ನಿಜಕ್ಕೂ ತಿಳಿಯಬೇಕಿತ್ತು.

“ಇರಿವಿಗೆ ಗೊತ್ತಾಗತೈತ್ರಿ. ಜೀವ ಇದ್ದದ್ದರ ಹಂತೇಕ ಅವು ಬರೂದಿಲ್ಲ. ಅವು ಬರೂತನಾ ಜೀವ ಐತಿ ಅಂತನ ತಿಳೀರಿ.”

ಆ ಮಾತು ನನ್ನ ತಲೆಯಲ್ಲೇ ಕೂತಿತು. ನಾಲ್ಕು ದಿನ ಬಿಟ್ಟು, ಗಡಿಯಾರದ ನೆಪ ಮಾಡಿಕೊಂಡು ಚೇಳನ್ನು ನೋಡಲೆಂದೇ ಹೋದೆ. ಅದು ಬಿದ್ದಲ್ಲೇ ಇತ್ತು. ಒಂದು ಇರುವೆಯೂ ಬಂದಿರಲಿಲ್ಲ.

“ನೋಡ್ರಿ, ನಾ ಹೇಳಿರಲಿಲ್ಲ?” ಎಂದರು ಕಾಕಾ.

ನಾನು ಬಗ್ಗಿ ನೋಡಿದೆ. ಇರುವೆ ಬಾರದಂತೆ ಎಳೆಯುವ ಚಾಕ್‌ಪೀಸಿನ ಬಿಳಿ ಗೆರೆ ಪೆಟ್ಟಿಗೆಯ ಸುತ್ತ ದಪ್ಪಗೆ ಎರಡು ಸುತ್ತು ಬಂದಿತ್ತು.