ಹತ್ತೊಂಬತ್ತರೊಳಗೆ ಹೋಗಬೇಕಿದ್ದವಳು

ಸೆರ್ಬಿಯಾದ ತಿಮೊಕ್ ಕಣಿವೆಯ ಆ ಊರಿನಲ್ಲಿ ಗಂಡ ಸತ್ತರೆ ಸಮಾಧಿಯ ಕಲ್ಲು ಇಬ್ಬರಿಗೂ ಸೇರಿ ಒಂದೇ. ಹೆಂಡತಿ ಗಟ್ಟಿಮುಟ್ಟಾಗಿ ಓಡಾಡಿಕೊಂಡಿದ್ದರೂ ಅವಳ ಹೆಸರು, ಫೋಟೊ, ಹುಟ್ಟಿದ ವರ್ಷ ಎಲ್ಲವನ್ನೂ ಪಕ್ಕದಲ್ಲೇ ಹಾಕಿಬಿಡುತ್ತಾರೆ. ಸಾಯುವ ವರ್ಷಕ್ಕೆ ಮಾತ್ರ ಜಾಗ ಖಾಲಿ. ೧೯೮೬ರಲ್ಲಿ ಒಬ್ರೆನ್ ತೀರಿಕೊಂಡಾಗ ಕಲ್ಲುಕುಟಿಗ ಸ್ರೆತೆನ್ ಇನ್ನೂ ಒಂದು ಉಪಕಾರ ಮಾಡಿದ. ಒಬ್ರೆನ್‌ನ ಹೆಂಡತಿ ದರಿಂಕಾಳ ಹೆಸರಿನ ಕೆಳಗೆ ‘೧೯೩೨’ ಎಂದು ಕೆತ್ತಿ, ಗೀಟೆಳೆದು, ಅದರ ಮುಂದೆ ‘೧೯’ ಎಂದೂ ಕೆತ್ತಿಟ್ಟ. ಕಾಲ ಬಂದಾಗ ಎರಡೇ ಅಂಕಿ ಹಾಕಿದರೆ ಮುಗಿಯಿತು ಅನ್ನುವುದು ಅವನ ಸೋಮಾರಿ ಬುದ್ಧಿ.

ದರಿಂಕಾಗೆ ಆಗ ಐವತ್ನಾಲ್ಕು. ಒಂದು ಕಂಕುಳಲ್ಲಿ ಹಂದಿಮರಿ, ಇನ್ನೊಂದು ಕೈಯಲ್ಲಿ ನೀರಿನ ಬಕೆಟ್ಟು ಹಿಡಿದು ಗುಡ್ಡ ಹತ್ತುತ್ತಿದ್ದ ಹೆಂಗಸು. ಆದರೆ ಆ ‘೧೯’ ಅವಳ ತಲೆ ಹೊಕ್ಕು ಕೂತಿತು. ಕಲ್ಲಿನ ಮೇಲೆ ಬರೆದದ್ದು ಸುಳ್ಳಾಗುತ್ತದೆಯೇ? ಶತಮಾನ ಮುಗಿಯುವುದರೊಳಗೆ ಹೊರಡಬೇಕು ಎಂದು ತೀರ್ಮಾನಿಸಿ ಅಂದಿನಿಂದಲೇ ಗಂಟುಮೂಟೆ ಕಟ್ಟಿದಳು. ಸೋರುವ ಹೆಂಚು ಬದಲಿಸಲಿಲ್ಲ. ಒಣಗಿದ ಪ್ಲಮ್ ಮರಗಳ ಜಾಗದಲ್ಲಿ ಹೊಸ ಗಿಡ ನೆಡಲಿಲ್ಲ. ಕೇಳಿದವರಿಗೆಲ್ಲ, ನಾಲ್ಕು ದಿನದ ಭಾಗ್ಯಕ್ಕೆ ಇದೆಲ್ಲ ಯಾಕೆ ಅನ್ನುವಳು. ಹೂಳುವಾಗ ಉಡಿಸಬೇಕಾದ ಬಟ್ಟೆ ಮತ್ತು ಕರಿ ಶೂ ಮಾತ್ರ ಹೊಚ್ಚ ಹೊಸದಾಗಿ ಪೆಟ್ಟಿಗೆಯಲ್ಲಿದ್ದವು. ಆಗಾಗ ಬಿಸಿಲಿಗೆ ಹಾಕಿ ಮತ್ತೆ ಮಡಚಿಡುವಳು.

ಎದುರು ಗುಡ್ಡದಲ್ಲಿ ಜೇನು ಸಾಕಿಕೊಂಡಿದ್ದ ಮಿಲುತಿನ್ ವಿಧುರ. ಒಬ್ರೆನ್ ಹೋಗಿ ವರ್ಷ ತುಂಬಿದ ಮೇಲೆ ಒಂದು ಬಾಟಲಿ ಜೇನುತುಪ್ಪ ಹಿಡಿದು ಬಂದು, ಇಬ್ಬರೂ ಸೇರಿ ಒಂದೇ ಒಲೆ ಹಚ್ಚಿದರೆ ಸೌದೆಯಾದರೂ ಉಳಿಯುತ್ತದಲ್ಲ ಎಂದ. ಮದುವೆಯ ಮಾತನ್ನು ಇಷ್ಟು ಒಣಒಣವಾಗಿ ಎತ್ತಿದ ಗಂಡಸು ಆ ಕಣಿವೆಯಲ್ಲಿ ಇನ್ನೊಬ್ಬನಿರಲಾರ. ದರಿಂಕಾ ಅವನಿಗೆ ಕಾಫಿ ಕೊಟ್ಟಳು, ಒಂದು ಚಮಚ ಚೆರ್ರಿ ಪಾಕ ಕೊಟ್ಟಳು, ನನ್ನ ಹೆಸರು ಆಗಲೇ ಕಲ್ಲು ಹತ್ತಿದೆ ಮಾರಾಯ ಎಂದು ಹೇಳಿ ಕಳಿಸಿದಳು. ಅವನು ಪ್ರತಿ ಶರತ್ಕಾಲವೂ ಬಂದ. ಪ್ರತಿ ಸಲವೂ ಕಾಫಿ, ಪಾಕ, ಕಲ್ಲು. ನಿಜ ಹೇಳಬೇಕೆಂದರೆ ಅವಳಿಗೂ ಅವನು ಇಷ್ಟವೇ. ಅವನು ಬರುವ ವಾರ ಅಂಗಳವನ್ನು ಎರಡೆರಡು ಸಲ ಗುಡಿಸುತ್ತಿದ್ದಳು. ೧೯೯೯ರ ಶರತ್ಕಾಲದಲ್ಲಿ ಮಾತ್ರ ಅವನು ಬರಲಿಲ್ಲ. ಬಾಟಲಿಯನ್ನು ಯಾರ ಕೈಯಲ್ಲೋ ಕಳಿಸಿದ.

ಡಿಸೆಂಬರ್ ಮುಗಿಯುತ್ತ ಬಂದಾಗ ದರಿಂಕಾ ಮನೆ ತೊಳೆದು, ಕೋಳಿಗಳನ್ನು ಪಕ್ಕದ ಮನೆಯ ರುಜಿತ್ಸಾಗೆ ಒಪ್ಪಿಸಿ, ಕೈಕಾಲು ನೀಟಾಗಿ ಚಾಚಿ ಮಲಗಿದಳು. ಎದ್ದಾಗ ಎರಡು ಸಾವಿರದ ಇಸವಿ ಬಂದಿತ್ತು, ಜೊತೆಗೆ ವಿಪರೀತ ಹಸಿವು. ಕೋಳಿಗಳನ್ನು ವಾಪಸ್ಸು ಕೇಳಲು ಹೋದರೆ ರುಜಿತ್ಸಾ ಬಾಗಿಲಲ್ಲೇ ನಿಂತು, “ಹೋಗ್ಲಿಲ್ವಾ ಅತ್ತೆ? ಮೊಟ್ಟೆ ಎಲ್ಲಾ ತಿಂದ್ಬಿಟ್ವಲ್ಲ” ಅಂದಳು.

ಊರಿಡೀ ನಕ್ಕಿತು. ದರಿಂಕಾ ನೇರ ಸ್ರೆತೆನ್‌ನ ಅಂಗಳಕ್ಕೆ ಹೋಗಿ ಜಗಳಕ್ಕೆ ನಿಂತಳು. ಅವನಿಗೆ ಇದು ಹೊಸದಲ್ಲ. ಆ ವಾರ ಇಂಥದೇ ದೂರು ತಂದ ವಿಧವೆಯರು ಬೇರೆಯೂ ಇದ್ದರು. ಸಿಮೆಂಟು ಮೆತ್ತಿ ‘೨೦’ ಎಂದು ಕೆತ್ತಿಕೊಡುತ್ತೇನೆ ಎಂದ.

“ಅದು ಎಲ್ಲೀವರ್ಗೆ ಬರುತ್ತೆ?”

“ಇನ್ನು ನೂರು ವರ್ಷ ಚಿಂತೆ ಇಲ್ಲ, ಆರಾಮಾಗಿರು.”

ದರಿಂಕಾ ಅಲ್ಲೇ ಇದ್ದ ಕಲ್ಲೊಂದರ ಮೇಲೆ ಕೂತಳು. ಇಷ್ಟು ಕಾಲ ತನ್ನನ್ನು ಕಟ್ಟಿಹಾಕಿದ್ದು ಒಬ್ಬ ಸೋಮಾರಿಯ ಎರಡು ಅಂಕಿ ಎಂದು ಮೈ ಉರಿಯಿತು. ಅದಕ್ಕಿಂತ ಹೆಚ್ಚು ಭಯವಾಯಿತು. ಮಿಲುತಿನ್‌ಗೆ ಎಪ್ಪತ್ತು ದಾಟಿತ್ತು, ಮದುವೆಗೆ ಕೇಳುವುದನ್ನೇ ಬಿಟ್ಟಿದ್ದ. ಏನೂ ಕೆತ್ತುವುದು ಬೇಡ ಎಂದು ಎದ್ದು ಬಂದಳು.

ಎದುರು ಗುಡ್ಡಕ್ಕೆ ಹಿಮದಲ್ಲಿ ನಡೆಯಲು ಹಳೆಯ ಬೂಟುಗಳಿಗೆ ಅಟ್ಟೆಯೇ ಇರಲಿಲ್ಲ. ಪೆಟ್ಟಿಗೆ ತೆರೆದು ಸಾವಿನ ಶೂ ಹಾಕಿಕೊಂಡಳು. ಅವು ಕಚ್ಚುತ್ತಿದ್ದವು, ಹೆಣಕ್ಕೆ ತಂದದ್ದಲ್ಲವೇ, ನಡೆಯುವ ಅಳತೆ ಯಾರು ನೋಡಿದ್ದರು.

ಮಿಲುತಿನ್ ಜಗಲಿಯ ಬೆಂಚಿನ ಮೇಲೆ ಕೂತು ಜೇನುಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದ. ಮೊದಲು ಶೂ ನೋಡಿದ, ಆಮೇಲೆ ಅವಳ ಮುಖ. ಒಳಗೆ ಬಾ ಅನ್ನಲಿಲ್ಲ.

“ಇಷ್ಟು ವರ್ಷ ಎಲ್ಲಿದ್ದೆ ದರಿಂಕಾ?”

“ಸಾಯೋದ್ರಲ್ಲಿದ್ದೆ. ಪುರುಸೊತ್ತೇ ಆಗ್ಲಿಲ್ಲ.”

ಅವನು ನಗಲಿಲ್ಲ. ಈಗ ಪೆಟ್ಟಿಗೆ ಎತ್ತಲೂ ತನ್ನಿಂದ ಆಗುವುದಿಲ್ಲ, ಮುದುಕನಾದೆ ಎಂದ. ದರಿಂಕಾ ಆ ಪೆಟ್ಟಿಗೆಯನ್ನು ಎತ್ತಿ ಒಳಗಿಟ್ಟು ಬಂದಳು. ಬರುವಷ್ಟರಲ್ಲಿ ಅವನು ಬೆಂಚಿನ ಮೇಲೆ ಸ್ವಲ್ಪ ಸರಿದು ಕೂತಿದ್ದ.

ಇಬ್ಬರಿಗೂ ಏಳು ವರ್ಷ ಸಿಕ್ಕಿತು. ಜೇನುಹುಳ ಕಚ್ಚಿಸಿಕೊಂಡರು, ಸಾರಿನ ಉಪ್ಪಿಗಾಗಿ ಜಗಳವಾಡಿದರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಲುತಿನ್‌ನನ್ನು ಮಣ್ಣು ಮಾಡಿ ಬಂದ ದಿನ ರುಜಿತ್ಸಾ, ಈ ವಯಸ್ಸಿನಲ್ಲಿ ಏಳು ವರ್ಷ ಸಿಕ್ಕಿದ್ದೇ ನಿನ್ನ ಪುಣ್ಯ ಎಂದು ಸಮಾಧಾನ ಹೇಳಿದಳು. ದರಿಂಕಾ ಮೂಗು ಒರೆಸಿಕೊಂಡಳು.

“ಇಪ್ಪತ್ತು ಇತ್ತು ಕಣೆ. ಉಳಿದಿದ್ದನ್ನ ಕಾಫಿ ಕುಡಿಸಿ ವಾಪಸ್ ಕಳ್ಸಿದೋಳು ನಾನೇ.”