ಅಪ್ಪ ಒಂದು ಕಣ್ಣು ಮುಚ್ಚಿ ಬಿತ್ತಿದ ಸಾಲು

ನೆಟ್ಟಗಿರುವ ಬಾಗಿಲು ನಿಮಗೆ ಎಂದಾದರೂ ಸೊಟ್ಟಗೆ ಕಂಡಿದೆಯೇ ಮಕ್ಕಳೇ? ನಾನು ಚಿಕ್ಕವಳಿದ್ದಾಗ ನಮ್ಮ ಅಪ್ಪನಿಗೆ ಕಂಡಿತ್ತು.

ನಮ್ಮದು ಬೀದರ ಜಿಲ್ಲೆಯ ಔರಾದ ಹತ್ತಿರದ ಹಳ್ಳಿ. ಮಳೆ ಬಿದ್ದ ಮೇಲೆ ಊರಲ್ಲಿ ಮೊದಲು ಕೂರಿಗೆ ಹೂಡಿ ಬಿತ್ತುವವರು ಅಪ್ಪನೇ. ಅವರ ಸಾಲು ದಾರ ಹಿಡಿದಂತೆ ನೆಟ್ಟಗಿರುತ್ತಿತ್ತು.

ಆ ಬೇಸಿಗೆಯಲ್ಲಿ ಅಪ್ಪನ ಬಲಗಣ್ಣಿನ ಹಿಂದಿನ ಪರದೆ ಕಿತ್ತು ಬಂತು. ಹೈದರಾಬಾದಿನಲ್ಲಿ ಅದನ್ನು ಅಂಟಿಸುವ ಆಪರೇಷನ್ ಆಯಿತು. ಕತ್ತಲಾಗಿದ್ದ ಕಣ್ಣಿಗೆ ಬೆಳಕು ಬಂತು. ಮನೆಗೆ ಬಂದವರೇ ಹೊಸ್ತಿಲಲ್ಲಿ ನಿಂತು, "ಈ ಚೌಕಟ್ಟು ಯಾವಾಗ ಬಾಗ್ಯದ? ಬಡಿಗ್ಯಾಗ ಕರಕೊಂಡ ಬರ್ರಿ," ಎಂದರು. ಚೌಕಟ್ಟು ನೆಟ್ಟಗೇ ಇತ್ತು, ನಾವು ನಕ್ಕೆವು.

ಎರಡು ತಿಂಗಳ ಮೇಲೆ ಡಾಕ್ಟರು ಹೊಲಕ್ಕೆ ಹೋಗಲು ಒಪ್ಪಿದರು. ಮಳೆಯೂ ಬಂತು. ಹಸಿ ಎರೆಮಣ್ಣಿನ ವಾಸನೆ, ಎತ್ತಿನ ಕೊರಳಗಂಟೆ. ಅಪ್ಪ ಕೂರಿಗೆ ಹಿಡಿದರು, ಹಿಂದೆ ಅಕ್ಕ ತೊಗರಿ ಬಿಡುತ್ತಾ ನಡೆದಳು. ತುದಿ ಮುಟ್ಟಿ ನೋಡಿದರೆ ಸಾಲು ಹಾವಿನಂತೆ ಹರಿದಿತ್ತು.

ಬದುವಿನ ಮೇಲಿದ್ದ ಕಾಕಾ, ಅಪ್ಪನ ತಮ್ಮ, ನಕ್ಕರು. "ಅಣ್ಣಾ, ನಾಗಪ್ಪಗ ದಾರಿ ಮಾಡ್ಲಕತ್ತಿಯೇನು? ಈ ವರ್ಷ ಕೂರಿಗಿ ನನ್ನ ಕೈಯಾಗ ಕೊಡು."

"ನನಗ ನೆಟ್ಟಗೇ ಕಾಣ್ತದಲ್ಲೋ," ಎಂದ ಅಪ್ಪನ ದನಿ ಸಣ್ಣದಾಯಿತು. ಅವರ ಕೈ ಕೂರಿಗೆ ಬಿಡುವುದರಲ್ಲಿತ್ತು.

ನನಗೆ ಬಾಗಿಲು ನೆನಪಾಯಿತು. "ಅಪ್ಪಾ, ಆ ಕಣ್ಣಿಗಿ ನೆಟ್ಟಗಿದ್ದದ್ದು ಸೊಟ್ಟ ಕಾಣ್ತದ. ನೀ ಸರಿ ಮಾಡ್ಲಕ ಹೋಗಿ ಸಾಲು ಬಾಗಸ್ತಿ."

ಅಕ್ಕ ಅಪ್ಪನ ರುಮಾಲಿನ ಚುಂಗು ಎಳೆದು ಬಲಗಣ್ಣಿಗೆ ಕಟ್ಟಿದಳು.

"ಮುಚ್ಚಕೊಳ್ಳಲಾಕ ಹೈದರಾಬಾದ್ ತನಕ ಹೋಗಿದ್ನೇನು?" ಎಂದರು ಅಪ್ಪ.

"ಒಂದು ಸಾಲು ಹೊಡಿ. ಆಮ್ಯಾಲ ಬೈಯಿ," ಎಂದಳು ಅಕ್ಕ.

ಎರಡನೇ ಸಾಲು ದಾರ ಹಿಡಿದಂತೆ ಬಂತು. ಕಾಕಾ ಬಗ್ಗಿ, ತಾವೂ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ಎತ್ತುಗಳಿಗೆ ನೀರು ತಂದರು. ಮೊದಲ ಸಾಲನ್ನು ಅಪ್ಪ ಅಳಿಸಲಿಲ್ಲ. ಸುಗ್ಗಿಯವರೆಗೂ ಅದು ಬಾಗಿಕೊಂಡೇ ಬೆಳೆಯಿತು.

ಅಂಟಿಸಿದ ಪರದೆಯಲ್ಲಿ ಸಣ್ಣ ನೆರಿಗೆ ಉಳಿದಿದೆ, ಅದಕ್ಕೇ ಗೆರೆಗಳು ಬಾಗಿ ಕಾಣುತ್ತವೆ ಎಂದು ಡಾಕ್ಟರು ಆಮೇಲೆ ಹೇಳಿದರು. ನಮಗೆ ಅದು ಬಾಗಿಲಿನಿಂದಲೇ ಗೊತ್ತಾಗಿತ್ತು.

ಈಗ ನನಗೂ ಬೀದರಿನಲ್ಲಿ ಅದೇ ಆಪರೇಷನ್ ಆಗಿದೆ. ಇಂದು ಯಂತ್ರವೇ ಪರದೆಯ ಚಿತ್ರ ತೆಗೆದು ಕೊಡುತ್ತದೆ. ಪದರದ ಮೇಲೆ ಪದರ, ಥೇಟ್ ಬಿತ್ತಿದ ಹೊಲ. ಮೊಮ್ಮಗಳು ಅದನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡಿದಳು. "ಅಜ್ಜಿ, ಇಲ್ಲೊಂದು ಸೊಟ್ಟ ಅದ ನೋಡು. ಇದು ನಿಮ್ಮಪ್ಪನ ಮೊದಲನೇ ಸಾಲು."

ಇರಲಿ ಬಿಡಿ, ನಾನು ಆ ಅಪ್ಪನ ಮಗಳು. ನಿಮ್ಮ ಮನೆಯ ಹಿರಿಯರನ್ನೂ ಕಣ್ಣು ಹೀಗೆ ಆಟ ಆಡಿಸಿದೆಯೇ? ಕೇಳಿ ನೋಡಿ, ಅವರು ಹೇಳಿದ್ದನ್ನು ನನಗೂ ಬರೆದು ತಿಳಿಸಿ.