ಕೆಂಪು ಬಳಿದ ಕಲ್ಲುಗಳ ಶಾಲೆ

ಗೋಡೆಯೊಂದು ಮೇಲೆದ್ದುದನ್ನು ಕಂಡೊಡನೆ ಯುದ್ಧ ಮುಗಿಯಿತೆಂದು ನೀವೂ ನಂಬಿಬಿಡುತ್ತೀರಾ?

ಡಾಟ್‌ಕಾಮ್ ಉತ್ಸಾಹ ನೆತ್ತಿಗೇರಿದ್ದ ಆ ವರ್ಷಗಳಲ್ಲಿ ನಾನು ಕ್ಯಾಲಿಫೋರ್ನಿಯಾದ ಹೇವರ್ಡ್‌ನ ಅಪಾರ್ಟ್‌ಮೆಂಟೊಂದರಲ್ಲಿದ್ದೆ. ಪಕ್ಕದ ಮನೆಯಲ್ಲಿ ಸೊಮಾಲಿಯಾದ ನರ್ಸ್ ಒಬ್ಬಳಿದ್ದಳು. ಅಂತರ್ಯುದ್ಧದಲ್ಲಿ ನುಚ್ಚುನೂರಾಗಿದ್ದ ಅವಳ ಕಡಲೂರಿನಲ್ಲಿ ಶಾಲೆಯೊಂದನ್ನು ಕಟ್ಟಿಸೋಣವೆಂದು ನಾನು ಕನ್ನಡದ ಗೆಳೆಯರ ಮುಂದೆ ವಾದ ಮಂಡಿಸಿದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತದ್ದು ಅಂದು ಕೈಹಿಡಿಯಿತು, ಎಲ್ಲರೂ ಒಪ್ಪಿದರು. ರೆಡ್‌ವುಡ್ ಸಿಟಿಯ ಆಫೀಸೊಂದರಲ್ಲಿ ಮ್ಯಾನೇಜರಾಗಿದ್ದ ಗೆಳೆಯ ಮಾತ್ರ ಒಂದು ಷರತ್ತು ಹಾಕಿದ.

“ನೋಡ್ರೀ, ಮೇ ಎಂಡಿಗೆ ಚಂದಾ ಎತ್ತೋಕೆ ನಮ್ಮ ವೆಬ್‌ಸೈಟು ಲಾಂಚು. ಬಿಫೋರ್-ಆಫ್ಟರ್ ಫೋಟೋ ಹಾಕ್ಬೇಕು. ಅಷ್ಟರೊಳಗೆ ಗೋಡೆ ಎದ್ದಿರ್ಬೇಕು. ಡೆಡ್‌ಲೈನ್ ಇಲ್ದೆ ಯಾವ ಪ್ರಾಜೆಕ್ಟೂ ಮುಗಿಯಲ್ಲ.”

“ಅಲ್ಲಿ ಕಲ್ಲು ಹೊರೋರು ನಿಮ್ಮ ಟೀಮಲ್ಲಿಲ್ಲ, ಸಾರ್!” ಎಂದು ಅವನ ಹೆಂಡತಿ ಛೇಡಿಸಿದಳು. ಎಲ್ಲರೂ ನಕ್ಕೆವು. ಡೆಡ್‌ಲೈನು ಉಳಿಯಿತು.

ಮೇ ತಿಂಗಳಲ್ಲಿ ನಾನೂ ನರ್ಸ್ ಗೆಳತಿಯೂ ಆ ಊರಿಗೆ ಹೋದೆವು. ಬಂದರಿನಲ್ಲಿ ಮತ್ತೆ ಹಡಗುಗಳು ನಿಲ್ಲುತ್ತಿದ್ದವು; ಗುಂಡಿನ ತೂತುಗಳಿದ್ದ ಮಳಿಗೆಗಳಿಗೆ ಹೊಸ ಸುಣ್ಣ ಬಿದ್ದಿತ್ತು. ಬೆಳಿಗ್ಗೆಯೇ ಅವಳ ಅಮ್ಮ ಆಡುಗಳನ್ನು ಮೇಯಿಸಲು ಕಡಲಂಚಿನ ಕುರುಚಲಿನತ್ತ ಹೊರಟುಹೋಗಿದ್ದರು. ನಾವು ಶಾಲೆ ನೋಡಲು ಹೋದೆವು. ಗೋಡೆ ಎದೆಮಟ್ಟಕ್ಕೆ ಬಂದಿತ್ತು. ನಾನು ಕ್ಯಾಮೆರಾ ತೆಗೆದೆ. ಗೆಳತಿ ತಟ್ಟನೆ ನನ್ನ ಮಣಿಕಟ್ಟು ಹಿಡಿದಳು.

ಗಾರೆಯ ನಡುವೆ ಕಲ್ಲೊಂದರ ಮುಖ ಕೆಂಪಗಿತ್ತು. ಪಕ್ಕದಲ್ಲಿ ಇನ್ನೊಂದು, ಕೆಳಸಾಲಿನಲ್ಲಿ ಮತ್ತೆ ಕೆಲವು.

ನೆಲಬಾಂಬುಗಳಿರುವ ಜಾಗದ ಅಂಚಿಗೆ ಅಲ್ಲಿ ಒಂದು ಮುಖಕ್ಕೆ ಬಿಳಿ, ಇನ್ನೊಂದಕ್ಕೆ ಕೆಂಪು ಬಳಿದ ಕಲ್ಲುಗಳನ್ನು ಸಾಲಾಗಿ ಇಡುತ್ತಾರೆ. ಬಿಳಿ ಬದಿಯಲ್ಲಿ ಓಡಾಡಬಹುದು. ಕೆಂಪು ಬದಿಗೆ ಕಾಲಿಡಬಾರದು.

“ಇವನ್ನು ಎಲ್ಲಿಂದ ತಂದೆ, ಅಣ್ಣಾ?” ಎಂದು ಅವಳು ಮೇಸ್ತ್ರಿಯನ್ನು ಕೇಳಿದಳು. ನಿರಾಶ್ರಿತರ ಶಿಬಿರದಿಂದ ಆಗಷ್ಟೇ ಮರಳಿದ್ದ, ಆ ಗುರುತು ಏನೆಂದು ತಿಳಿಯದ ಅವನು ಸಂಭ್ರಮದಿಂದಲೇ ಉತ್ತರಿಸಿದ: “ಕುರುಚಲಿನ ಹತ್ತಿರ ಯಾರೋ ಜೋಡಿಸಿಟ್ಟಿದ್ದರು, ತಂಗೀ. ಬೇಗ ಮುಗಿಸಬೇಕು ಎಂದು ಅಮೆರಿಕದಿಂದ ಹೇಳಿ ಕಳಿಸಿದ್ದಿರಲ್ಲ!”

ಅವಳು ಓಡಿದಳು. ಹಿಂದೆ ನಾನೂ ಓಡಿದೆ.

ದೂರದಲ್ಲಿ ಅಮ್ಮ ಕಂಡರು. ಸಾಲು ಇಲ್ಲವಾದ ಕಡೆ ಆಡುಗಳು ಒಳನುಗ್ಗಿದ್ದವು. ಅವನ್ನು ಅಟ್ಟುತ್ತ ಅವರೂ ನುಗ್ಗಿದ್ದರು. “ಅಮ್ಮಾ, ನಿಲ್ಲು!” ಎಂದು ಮಗಳು ಕಿರಿಚಿದಳು. ಅಮ್ಮ ಕೂಗಿನತ್ತ ತಿರುಗಿದರು. ತಿರುಗಿದ ಕಾಲು ಊರಿದ ಕಡೆಯೇ ನೆಲ ಸಿಡಿಯಿತು. ಮರಳೂ ಹೊಗೆಯೂ ಇಳಿದಾಗ ಒಂದು ಆಡಿನ ಕರುಳು ಮುಳ್ಳುಪೊದೆಗೆ ಜೋತಿತ್ತು. ಅಮ್ಮನ ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ.

ಗೆಳತಿ ಅಮ್ಮನ ಚಪ್ಪಲಿಯ ಗುರುತುಗಳ ಮೇಲೆಯೇ ಒಂದೊಂದಾಗಿ ಹೆಜ್ಜೆಯಿಟ್ಟು ಒಳಹೊಕ್ಕಳು. ನಾನು ಅಂಚಿನಲ್ಲಿ ನಿಂತಿದ್ದೆ, ಉಸಿರಾಡುವುದಕ್ಕೂ ಹೆದರಿಕೆಯಾಗುತ್ತಿತ್ತು. ಅವಳು ತೊಡೆಗೆ ಶಾಲು ಬಿಗಿದು, ಗಂಟಿನೊಳಗೆ ಕೋಲು ತೂರಿಸಿ ತಿರುಚಿದಳು. ರಕ್ತ ಜಿನುಗುವಷ್ಟಕ್ಕೆ ಇಳಿಯಿತು. ಅಮ್ಮನನ್ನು ಬೆನ್ನಿಗೆ ಹೇರಿಕೊಂಡು ಅದೇ ಗುರುತುಗಳಲ್ಲಿ ಮರಳಿದಳು. “ಆಡುಗಳನ್ನು ಯಾರು ಹಿಡಿಯುತ್ತಾರೆ?” ಎಂದು ಅಮ್ಮ ಬೈಯುತ್ತಲೇ ಇದ್ದರು, ಆಸ್ಪತ್ರೆಯ ಬಾಗಿಲಲ್ಲಿ ಪ್ರಜ್ಞೆ ತಪ್ಪಿತು.

ಅಮ್ಮ ಬದುಕಿದರು. ಅದು ಖಚಿತವಾದ ದಿನ ಗೆಳತಿ ಹಾರೆ ಹಿಡಿದು ಶಾಲೆಯ ಗೋಡೆ ಕೆಡವತೊಡಗಿದಳು. ಮೇಸ್ತ್ರಿ ಹಣೆ ಚಚ್ಚಿಕೊಂಡು ಅಳುತ್ತ ಬಂದು ಅವಳೊಂದಿಗೆ ಕೈಹಚ್ಚಿದ. ಅಂಗೈ ಹರಿದು ರಕ್ತ ಬರುವವರೆಗೆ ಮೂವರೂ ಕಿತ್ತೆವು. ಕೆಂಪು ಕಲ್ಲುಗಳನ್ನು ಬೇರ್ಪಡಿಸಿ ಬಾಂಬು ತೆಗೆಯುವವರ ಕೈಗೊಪ್ಪಿಸಿದೆವು. ಅವರು ಸಾಲನ್ನು ಮತ್ತೆ ಜೋಡಿಸಿದರು.

ಮರಳಿದ ಮೇಲೆ ರೆಡ್‌ವುಡ್ ಸಿಟಿಯ ಗೆಳೆಯನಿಗೆ ಗೋಡೆ ಕಿತ್ತ ಬರಿಜಾಗದ ಒಂದು ಫೋಟೋ ಕೊಟ್ಟೆ. ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

“ಏನ್ರೀ ಇದು, ಬಿಫೋರ್ ತಂದಿದೀರ. ಆಫ್ಟರ್ ಎಲ್ಲಿ?”

“ಇದೇ ಆಫ್ಟರ್.”

ಕಥೆಯೆಲ್ಲ ಕೇಳಿದ ಮೇಲೆ ಅವನು ಫೋಟೋವನ್ನು ಮೇಜಿನ ಮೇಲಿಟ್ಟ. “ಡೆಡ್‌ಲೈನ್ ಕೊಟ್ಟಿದ್ದು ನಾನು ಕಣ್ರೀ,” ಎಂದ. ಒಪ್ಪಿದ್ದು ನಾವೆಲ್ಲರೂ. ಕೆಡುಕು ಬಯಸಿದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಅದಕ್ಕೇ ಈ ವಾದವನ್ನು ನಿಮ್ಮ ಮುಂದಿಡುತ್ತಿದ್ದೇನೆ: ಸದುದ್ದೇಶದ ಅವಸರವೂ ಕಾಲು ಕತ್ತರಿಸಬಲ್ಲದು.

ಯುದ್ಧ ಕಂಡ ಊರಿನಲ್ಲಿ ಏನನ್ನಾದರೂ ಕಟ್ಟಲು ನೀವು ನೆರವು ಕೊಡುವಾಗ, ಯಾವಾಗ ಮುಗಿಯುತ್ತದೆ ಎಂದು ಕೇಳಬೇಡಿ. ಕಲ್ಲು ಎಲ್ಲಿಂದ ಬರುತ್ತದೆ ಎಂದು ಕೇಳಿ.